ಪ್ರೊಸೆಸರಿನ ಮೇಲಿದ್ದ ವಿಭೂತಿ

ಹಲೋ... ಯಾರು ಮಾತಾಡ್ತಿರೋದು? ಕೊಳ್ಳೇಗಾಲದ ರಂಗನಾಥನ ಕಂಪ್ಯೂಟರ್ ಅಂಗಡಿ ಅಲ್ವಾ?...

ಯಶೋದವ್ವನಾ? ನಾನು ಕಣವ್ವ, ಮಾಂಬಳ್ಳಿ ಶಾಂತಮೂರ್ತಿ. ಅರ್ಜಿ ಟೈಪ್ ಮಾಡೋ ಶಾಂತಮೂರ್ತಿ. ಹಾಂ, ಚೆನ್ನಾಗಿವ್ನಿ. ನಿನ್ನ ಗಂಡನ ಕೈಗೆ ಒಸಿ ಫೋನ್ ಕೊಡು...

ಇಲ್ವಾ? ಎಲ್ಲಿಗೋದ?... ಹನೂರಿಗಾ. ಹಂಗಾದ್ರೆ ಈಗ ಹಿಂದ್ಗಡೆ ಕೆಮ್ಮಿದೋರು ಯಾರು? ಆ ಕೆಮ್ಮು ನಂಗೊತ್ತಿಲ್ವಾ? ಮೂರು ವರ್ಸ ನಮ್ಮನೆ ಹಜಾರದಲ್ಲಿ ಕೂತ್ಕಂಡು ಕೆಮ್ಮವ್ನೆ. ಇಲ್ಲ ಅಂತ ಯೋಳ್ಬುಡು ಅಂದದ್ದೂ ಕೇಳುಸ್ತು. ನಿನ್ನ ಮ್ಯಾಲೆ ನಂಗೇನೂ ಸಿಟ್ಟಿಲ್ಲ ಕಣವ್ವ, ಅವನಿಗೆ ಕೊಡು. ಕೊಡ್ದಿದ್ರೆ ಮುಂದ್ಲ ಬಸ್ಸಿಗೇ ಹತ್ತಿ ಬತ್ತೀನಿ, ನಿಮ್ಮಂಗಡಿ ಬಾಗ್ಲಲ್ಲೇ ಕೂತ್ಕತೀನಿ...

ಹಾಂ. ಬಂದ್ಯಾ. ಹನೂರಿಂದ ಬಲು ಬೇಗ ಬಂದ್ಬುಟ್ಟೆ ಕಣ್ಲಾ...

ನಗಬ್ಯಾಡ. ನಗೋಕೆ ಫೋನ್ ಮಾಡಿಲ್ಲ ನಾನು. ಒಂದೇ ಮಾತು ಕೇಳ್ತೀನಿ, ಸುತ್ತಿ ಬಳಸಿ ಆಡ್ದೆ ಯೋಳು. ಮೂರು ವರ್ಸದ ಹಿಂದೆ ನಂಗೆ ಕಂಪ್ಯೂಟರ್ ಜೋಡ್ಸಿ ಕೊಟ್ಯಲ್ಲ, ಅದರೊಳಗೆ ಹಾಕ್ದ ಪ್ರೊಸೆಸರ್ ಹೊಸದಾ, ಇಲ್ಲಾ ಯಾರೋ ಬಳಸಿ ಬಿಟ್ಟದ್ದಾ?...

ಯಾಕೆ ಅಂದ್ರೆ? ಪೇಪರಲ್ಲಿ ಬಂದದೆ, ಅದುಕ್ಕೆ. ಸೋಮವಾರದ ಪೇಪರು. ಹಳೇ ಕಂಪ್ಯೂಟರಿಂದ ಕಿತ್ತು, ಮ್ಯಾಲಿನ ನಂಬರ್ ಉಜ್ಜಿ, ಬ್ಯಾರೆ ನಂಬರ್ ಅಚ್ಚಾಕಿ, ಹೊಸದು ಅಂತ ಮಾರ್ತಾವ್ರಂತೆ. ಬಿಸ್ಕತ್ತಿನಷ್ಟಿರೋ ಸಾಮಾನು, ಕಣ್ಣಲ್ಲಿ ನೋಡ್ದೋರ್ಗೆ ಗೊತ್ತೇ ಆಗಕಿಲ್ವಂತೆ. ಓದ್ತಾ ಓದ್ತಾ ನಿನ್ನ ಮುಖವೇ ಮುಂದೆ ಬಂದು ನಿಂತ್ಕತು. ಕಾಫಿ ಲೋಟ ಅಂಗೇ ಆರೋಯ್ತು...

ಪೇಪರ್ನೋರು ಏನಾರ ಬರ್ಕತಾರೆ ಅಂತೀಯಾ. ಸರಿ, ಪೇಪರ್ ಬುಡು. ನಾನೇ ನೋಡಿವ್ನಿ. ಪೆಟ್ಟಿಗೆ ಬಿಚ್ಚಿ, ಪ್ರೊಸೆಸರ್ ಮ್ಯಾಲಿರೋ ಫ್ಯಾನ್ ತೆಗ್ದು ನೋಡ್ದೆ. ಏನಿತ್ತು ಗೊತ್ತಾ? ವಿಭೂತಿ...

ಹೂಂ, ವಿಭೂತಿ ಕಣ್ಲಾ. ಬೆಳ್ಳಗೆ, ನೀರಲ್ಲಿ ಕಲಸಿ ಬಳ್ದಂಗೆ. ನಡುವೆ ದಪ್ಪ, ಅಂಚಿಗೆ ತೆಳ್ಳಗೆ. ನಾನು ಹಚ್ಚಿದ್ದಲ್ಲ. ಆಯುಧಪೂಜೇಲಿ ನಾನು ಹಚ್ಚೋದು ಪರದೆಗೆ, ಪೆಟ್ಟಿಗೆಗೆ, ಕೀಲಿಮಣೆಗೆ. ಫ್ಯಾನಿನ ಅಡೀಗೆ ಯಾವತ್ತೂ ಕೈ ಹಾಕಿರ್ನಿಲ್ಲ. ನೀನು ಹಚ್ಚಿದ್ಯಾ ಅಂದ್ರೆ ನೀವು ನಾಮದೋರು, ಬಿಳಿಗಿರಿರಂಗನ ಒಕ್ಕಲು. ನಿಮ್ಮನೇಲಿ ವಿಭೂತಿ ಗಟ್ಟಿ ಎಲ್ಲಿಂದ ಬಂತು? ಅಂದ್ಮೇಲೆ ಅದು ಇನ್ಯಾರೋ ಶಿವಭಕ್ತರ ಮನೇಲಿತ್ತು. ಅವರು ಪೂಜೆ ಮಾಡಿದ್ರು. ಆಮ್ಯಾಕೆ ಅದನ್ನ ಕಿತ್ತು ನಂಗೆ ಹೊಸದು ಅಂತ ಹಾಕ್ಬುಟ್ಟೆ. ನಾನು ಯೋಳ್ತಿರೋದು ಸರಿ ಅಲ್ವಾ?...

ಏನ್ಲಾ ಅಷ್ಟೊಂದು ನಗ್ತೀಯಾ? ಯಶೋದವ್ವಂಗೂ ಯೋಳ್ತಾ ಇದ್ದೀಯಲ್ಲ... ನಗಿ, ಗಂಡ ಎಂಡ್ತಿ ಇಬ್ರೂ ನಗಿ. ನಕ್ಕು ಮುಗುದ್ಮೇಲೆ ಯೋಳಿ, ಕಾಯ್ತೀನಿ...

ಪೇಸ್ಟಾ? ಎಂಥ ಪೇಸ್ಟು?... ಬಿಸಿ ಎಳ್ಕಳ್ಳೋಕೆ. ಪ್ರೊಸೆಸರ್ ಬಿಸಿ ಫ್ಯಾನಿನ ತಗಡಿಗೆ ಹತ್ಲಿ ಅಂತ... ನೀನೇ ಹಚ್ಚಿದ್ದಾ? ಎಲ್ಲದಕ್ಕೂ ಹಚ್ತಾರಾ, ಹೊಸದಕ್ಕೂ ಹಳೇದಕ್ಕೂ?...

ಹಾಂ...

ಇಲ್ಲ, ಲೈನಲ್ಲೇ ಇವ್ನಿ...

ಒರೆಸ್ಬುಟ್ಟೆ ಕಣ್ಲಾ. ಪಂಚೆ ಅಂಚಲ್ಲಿ ಚೆನ್ನಾಗಿ ಒರೆಸ್ದೆ. ಯಾರ್ದೋ ಮನೆ ಪೂಜೆ ನಮ್ಮನೇಲಿ ಯಾಕಿರ್ಬೇಕು ಅಂತ. ಒರೆಸಿ, ನಮ್ಮ ಗಟ್ಟಿ ತೇದು ಹಚ್ದೆ. ಮೂರು ಬೆರಳು ಅದರ ಮ್ಯಾಲೆ ಹಿಡೀನಿಲ್ಲ, ಒಂದೇ ಬೆರಳಲ್ಲಿ ಮೂರು ಸಲ ಎಳ್ದೆ. ಕಡ್ಡಿ ಕರ್ಪೂರ ಹಚ್ಚಿ, ಫ್ಯಾನ್ ಕೂರ್ಸಿ, ಸ್ವಿಚ್ ಹಾಕ್ದೆ...

ಮೊದ್ಲು ಚೆನ್ನಾಗೇ ಇತ್ತು. ನಮ್ಮೂರ ಶಿವನಂಜಯ್ಯನ ಜಮೀನು ಅಳತೆ ಅರ್ಜಿ, ಅರ್ಧ ಹೊಡ್ದೆ. ಆಮ್ಯಾಕೆ ಒಂಥರಾ ವಾಸ್ನೆ, ತಲೆಕೂದಲು ಸುಟ್ಟಂಗೆ. ಪರದೆ ಕಪ್ಪಗಾಯ್ತು. ಅಷ್ಟೇ...

ಸತ್ತೋಯ್ತು ಅಂತ ನಂಗೂ ಗೊತ್ತು. ಬೈಯೋದಾದ್ರೆ ಬೈಯಿ. ನಾನಾಗಿದ್ರೆ ಇಷ್ಟೊತ್ತಿಗೆ ನಿನ್ನ ವಂಶವನ್ನೇ ಬೈದಿರ್ತಿದ್ದೆ. ಅಯ್ಯೋ ಪಾಪ ಅನ್ನಬ್ಯಾಡ, ಬೈಯಿ...

ಮಾತು ತಿರುಗುಸ್ಬ್ಯಾಡ. ಪೇಸ್ಟು ನನ್ನ ತಪ್ಪು, ಒಪ್ಕಂಡೆ. ಆದ್ರೆ ನಾನು ಮೊದ್ಲು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ. ಹೊಸದಾ, ಹಳೇದಾ?...

ಗೊತ್ತಿಲ್ಲ ಅಂದ್ರೆ? ಮಾರಿದೋನು ನೀನು. ನಿಂಗೇ ಗೊತ್ತಿಲ್ದಿದ್ರೆ ಇನ್ಯಾರ್ನ ಕೇಳ್ಲಿ?...

ಹೂಂ... ಹೂಂ... ಬೆಂಗಳೂರಿನ ವ್ಯಾಪಾರಿ ಪ್ಲಾಸ್ಟಿಕ್ ತಟ್ಟೇಲಿ ಕೊಟ್ಟ. ಡಬ್ಬ ಇಲ್ಲ, ಸೀಲ್ ಇಲ್ಲ. ಅವನು ಹೊಸದು ಅಂದ, ನೀನು ತಕಂಡು ಬಂದು ನಂಗೆ ಹೊಸದು ಅಂದೆ. ನೋಡಿ ಕಂಡುಹಿಡ್ಯೋಕೆ ನಿನ್ನ ಕೈಲೂ ಆಗಕಿಲ್ಲ... ಅದನ್ನ ಅವತ್ತೇ ಯೋಳ್ಬೋದಿತ್ತಲ್ಲ ನೀನು. ಅವನಂದ ಅಂತ ಯೋಳಿದ್ರೆ ಆಗ್ತಿತ್ತು. ಎದೆ ಮುಟ್ಕಂಡು 'ನನ್ನಾಣೆ ಹೊಸದು ಶಾಂತಣ್ಣ' ಅಂದ್ಯಲ್ಲ, ಅದು ನಂಗೆ ನೋವು. ಸಾಮಾನು ಓದ್ರೆ ಓಗ್ಲಿ...

ಏನಂದೆ? ಇನ್ನೊಂದ್ಸಲ ಯೋಳು... ನಿಂಗೂ ಅನುಮಾನ ಇತ್ತಾ? ಯಾವಾಗಿಂದ?...

ಪದೇ ಪದೇ ಕೆಡ್ತಿತ್ತು ಅಂತ. ಊರವ್ರ ಮಿಷಿನ್ನೆಲ್ಲ ಓಡ್ತಾವೆ, ಶಾಂತಣ್ಣಂದು ಮಾತ್ರ ತಿಂಗ್ಳಿಗೆರಡು ಸಲ ಮಲಗ್ತದೆ, ಆ ವ್ಯಾಪಾರಿ ಹಳೇ ಪ್ರೊಸೆಸರ್ರೇ ತಲೆಗೆ ಕಟ್ಟವ್ನೆ ಅಂತ... ಬೆಂಗಳೂರಿಗೆ ಓಗಿ ಆ ವ್ಯಾಪಾರಿ ಹತ್ರ ಜಗಳ ಆಡ್ಕಂಡು ಬಂದ್ಯಾ? ಯಾವಾಗ?... ಶಿವರಾತ್ರಿ ಸಮಯ್ದಲ್ಲಿ. ಅವನು ಒಪ್ನಿಲ್ಲ. ಅದುಕ್ಕೆ?...

ಅದುಕ್ಕೆ ಬರೋದು ಬುಟ್ಬುಟ್ಯಾ ನೀನು...

ಶಿವರಾತ್ರಿ ಆದ್ಮೇಲೆ ಒಂದು ಭಾನುವಾರನೂ ಬರ್ನಿಲ್ಲ. ಮಿಷಿನ್ನು ಕೆಟ್ಟದೆ ಅಂದ್ರೆ, ಒಳಗಿರೋ ಹಸ್ರು ಪಟ್ಟಿ ಒಸಿ ಒತ್ತು ಶಾಂತಣ್ಣ ಅಂತ ಫೋನಲ್ಲೇ ಯೋಳಿ ಮಡಗ್ಬುಡ್ತಿದ್ದೆ. ನಾನೇನಂದ್ಕಂಡೆ ಗೊತ್ತಾ? ನನ್ನ ಬಾಯಿಗೆ ಹೆದ್ರಕಂಡ, ಎಲ್ಲರಂಗೆ ಇವನೂ ದೂರ ಆದ ಅಂದ್ಕಂಡೆ. ನಮ್ಮಣ್ಣ ಗೋಡೆ ಆಚೆಗವ್ನೆ, ಅವನ ಮನೆ ಒಗ್ಗರಣೆ ವಾಸ್ನೆ ನಮ್ಮನೆಗೆ ಬತ್ತದೆ, ಆರು ವರ್ಸದಿಂದ ಮಾತಿಲ್ಲ. ನಮ್ಮನೇವ್ಳು ಶಿವರತ್ನಮ್ಮ ತೀರ್ಕಂಡ್ಮೇಲೆ ನಮ್ಮ ಹೊಸ್ಲು ದಾಟಿ ಒಳಗೆ ಬಂದು ಕೂತು ತಿಂಡಿ ತಿಂದೋನು ನೀನೊಬ್ಬ. ಅರ್ಜಿ ಬರೆಸ್ಕಳೋರು ಜಗಲೀಲೇ ನಿಂತು, ಕಾಗ್ದ ಈಸ್ಕಂಡು, ಓಯ್ತಾ ಇರ್ತಾರೆ...

ನೀನು ಐದು ನಿಮಿಷದಲ್ಲಿ ರಿಪೇರಿ ಮಾಡ್ಬುಟ್ಟು ಮೂರು ಗಂಟೆ ಬಸ್ಸಿನ ಗಂಟ ಕೂತಿರ್ತಿದ್ದೆ. ರೇಷ್ಮೆಗೂಡಿನ ಮಾರ್ಕೆಟ್ಟಲ್ಲಿ ಯಾರು ಯಾರ್ನ ಬೈದ್ರು, ಯಾವ ಮಗ್ಗದೋನು ಯಾವ ಸೀರೆಗೆ ಯಾವ ಬಣ್ಣ ತಪ್ಪು ಹಾಕ್ದ, ಅದೇ ಮಾತು. ನಾನು ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಹಾಕಿದ್ರೂ ಚೆನ್ನಾಗದೆ ಅಂತಿದ್ದೆ...

ನಾಚ್ಕೆ ಆಯ್ತಾ? ಕೆಟ್ಟ ಸಾಮಾನು ಕೊಟ್ಬುಟ್ಟು ಅವನ ಮನೇಲೇ ಕೂತು ಎಂಗೆ ಉಣ್ಲಿ ಅನ್ನುಸ್ತಾ?... ಲೇ ರಂಗನಾಥ. ಲೇ...

ಸುಮ್ನಿರು. ನಾನೊಂದು ಯೋಳ್ಬೇಕು. ಮುಗಿಯೋ ಗಂಟ ನಡುವೆ ಬಾಯಿ ಹಾಕ್ಬ್ಯಾಡ...

ಒಳಗೆ ಹಸ್ರು ಪಟ್ಟಿ ಅದಲ್ಲ, ಮೆಮೊರಿ ಅಂತ ನೀನು ತೋರಿಸ್ತಿದ್ದದ್ದು. ಎರಡೂ ಕಡೆ ಬಿಳಿ ಕೊಂಡಿ ಇರೋದು. ಬಂದಾಗೆಲ್ಲ ಅದನ್ನ ಒತ್ತಿ ಸರಿ ಮಾಡ್ತಿದ್ದೆ. ಇಷ್ಟು ಬಿಗಿಯಾಗಿ ಕೂರ್ಸಿದ್ರೂ ಎಂಗೆ ಸಡ್ಲ ಆಯ್ತದೆ ಅಂತ ತಲೆ ಕೆರ್ಕತಿದ್ದೆ. ಅದು ಅದಾಗೇ ಸಡ್ಲ ಆಗ್ತಿರ್ನಿಲ್ಲ...

ಇಲಿ ಅಲ್ಲ. ಬಾಯಿ ಹಾಕ್ಬ್ಯಾಡ ಅಂದ್ನಲ್ಲ...

ನಾನು ಕಣ್ಲಾ. ಶನಿವಾರ ಸಾಯಂಕಾಲ ನಾನೇ ಕೊಂಡಿ ಬಿಚ್ಚಿ, ಪಟ್ಟೀನ ಒಸಿ ಮ್ಯಾಕೆತ್ತಿ ಬುಡ್ತಿದ್ದೆ. ಆಮ್ಯಾಕೆ ನಿಂಗೆ ಫೋನು. ಮಿಷಿನ್ನು ಚೆನ್ನಾಗಿ ಓಡ್ತಿದ್ರೆ ನೀನ್ಯಾಕೆ ಮಾಂಬಳ್ಳಿಗೆ ಬತ್ತೀಯ? ಮನೆಗೆ ಬಾ ಅಂತ ಕರೆಯೋಕೆ ನಂಗೆ ಬರಕಿಲ್ಲ. ನೀನು ಕೊಟ್ಟ ಮಿಷಿನ್ನು ಕೆಟ್ಟೋಯ್ತು ಅಂತ ಬೈಯೋಕಾದ್ರೆ ಬತ್ತದೆ...

ಸುಮ್ನೇ ಇದ್ದೀಯಾ. ಇರು, ನಾನೇ ಅಂದದ್ದು...

ಅದು ಹೊಸದೋ ಹಳೇದೋ, ಆ ಬೆಂಗಳೂರಿನೋನಿಗೇ ಗೊತ್ತು. ಆದ್ರೆ ಒಂದಿನಾನೂ ಅದು ತಾನಾಗಿ ಕೆಟ್ಟಿರ್ನಿಲ್ಲ. ಮೂರು ವರ್ಸ ಚೆನ್ನಾಗಿತ್ತು ಕಣ್ಲಾ ನೀನು ಕೊಟ್ಟದ್ದು. ನಾನು ಒರೆಸಿ ಕೊಲ್ಲೋ ಗಂಟ ಚೆನ್ನಾಗಿತ್ತು. ಇದ್ರಲ್ಲಿ ನೀನು ನಾಚ್ಕೆ ಪಡೋ ಅಂಥದ್ದು ಏನೂ ಇಲ್ಲ. ಪಡೋದಾದ್ರೆ ನಾನು ಪಡ್ಬೇಕು...

ಬ್ಯಾರೆ ಪ್ರೊಸೆಸರ್ ಈಗ್ಲೇ ತರ್ಬ್ಯಾಡ. ಅಟ್ಟದ ಮ್ಯಾಲಿಂದ ಟೈಪ್‌ರೈಟರ್ ಇಳ್ಸಿವ್ನಿ, ಅರ್ಜಿಗೆ ಅದೇ ಸಾಕು. ಭಾನುವಾರ ಬಾ. ಬ್ಯಾಗು, ಸ್ಕ್ರೂಡ್ರೈವರ್ ಏನೂ ಬ್ಯಾಡ, ಬರೀ ಕೈಲಿ ಬಾ. ಯಶೋದವ್ವನ್ನೂ ಕರ್ಕಂಡು ಬಾ. ರಿಪೇರಿ ಏನೂ ಇಲ್ದಿದ್ರೂ ಬತ್ತೀಯಾ?...

ಬತ್ತೀಯೇನ್ಲಾ?...

ರಂಗನಾಥ... ಹಲೋ... ಏನಿದು, ಗುಂಯ್ ಅಂತದಲ್ಲ... ಹಲೋ, ಯಾವಾಗ ಓಯ್ತು ಈ ಲೈನು? ಲೇ ರಂಗನಾಥ, ನಾನು ಯೋಳಿದ್ದು ನಿಂಗೆ ಎಲ್ಲಿ ಗಂಟ ಕೇಳುಸ್ತು?...