ಐದಕ್ಕೆ ಐದು ಸ್ಟಾರ್

ಸಾಗರದ ಬಸ್ ಸ್ಟ್ಯಾಂಡಿನಲ್ಲಿ ತೀರ್ಥಹಳ್ಳಿ ಬಸ್ಸಿಗೆ ಕಾಯುತ್ತಿದ್ದ ಶ್ಯಾಮಲಾ ಟೀಚರಿಗೆ, ಬೇಡವೆಂದರೂ ಹಿಂದಿನ ಬೆಂಚಿನ ಮಾತು ಕಿವಿಗೆ ಬೀಳುತ್ತಿತ್ತು. ಊರೂರು ತಿರುಗಿ ಟಿವಿಯವರ ಹಾಗೆ ಕುಸ್ತಿಯ ಶೋ ಕೊಡುವ ಇಬ್ಬರು ಅಲ್ಲಿ ಕೂತಿದ್ದರು. ಚಿಕ್ಕವನು ದೊಡ್ಡವನಿಗೆ ಫೋನ್ ತೋರಿಸಿದ.

“ಜಟ್ಟಪ್ಪಣ್ಣ, ಹೊಸನಗರದ ಮ್ಯಾಚಿಗೆ ಜನ ಐದಕ್ಕೆ ಐದು ಸ್ಟಾರ್ ಕೊಟ್ಟಿದಾರೆ.”

“ಯಾರು ಗೆಲ್ಲೋದು ಅಂತ ಮೊದ್ಲೇ ಮಾತಾಡ್ಕಂಡ ಕುಸ್ತಿಗೆ ಎಂತ ಸ್ಟಾರೋ ದುರ್ಗೇಶ?”

“ಇಷ್ಟು ದಿನ ನಮಗೆ ಎರಡರ ಮೇಲೆ ಬಂದಿದ್ದೇ ಇಲ್ಲ. ನಮ್ಮ ಚೌಡಪ್ಪ ಬಿದ್ದಿದ್ದು ನಿಜದಂಗೇ ಇತ್ತು ಅಂತ ಬರ್ದಿದಾರೆ.”

“ನಿಜಾನೇ ಅಲ್ವನೋ.”

ದುರ್ಗೇಶ ಫೋನ್ ಜೇಬಿಗೆ ಹಾಕಿಕೊಂಡ.

“ನೀ ಯಾಕಣ್ಣ ಆಟ ನಿಲ್ಲಿಸ್ಲಿಲ್ಲ?”

“ಬಿದ್ದೋನ ಕೈ ಹಿಡ್ದು ಎರಡು ಸಲ ಹಿಸುಕಿದೆ. ಆರಾಮಿದ್ರೆ ಅವನೂ ತಿರುಗಿ ಹಿಸುಕ್ಬೇಕು, ಅದೇ ಅಲ್ವನೋ ನಮ್ಮ ಗುರುತು? ಹಿಸುಕ್ದ. ಹಂಗಾಗಿ ಮತ್ತೂ ಎರಡು ಸಲ ಎತ್ತಿ ಒಗ್ದೆ.”

“ಮೊದಲ್ನೇ ಸಲ ಬಿದ್ದ ಕೂಡ್ಲೇ ಜೀವ ಹೋಗಿತ್ತು ಅಂದ್ರಲ್ಲ ಡಾಕ್ಟ್ರು.”

“ಹೌದು. ಒಗ್ದಾಗೆಲ್ಲ ಕೈ ಹಿಡ್ದು ಕೇಳ್ದೆ. ಪ್ರತಿ ಸಲನೂ ಹಿಸುಕ್ದ.”

ತೀರ್ಥಹಳ್ಳಿ ಬಸ್ಸು ಬಂತು. ಇಬ್ಬರೂ ಬ್ಯಾಗು ಹೆಗಲಿಗೇರಿಸಿಕೊಂಡು ಎದ್ದರು.

“ಇವತ್ತು ಬೀಳೋನು ನಾನು,” ಎಂದ ದುರ್ಗೇಶ. “ನಾ ಕೈ ಹಿಸುಕಿದ್ರೂ ನಂಬ್ಬೇಡ ಅಣ್ಣ. ಮುಖ ನೋಡು.”

ಜಟ್ಟಪ್ಪ ಮೆಟ್ಟಿಲ ಮೇಲೆ ನಿಂತು ತಿರುಗಿದ.

“ಅವತ್ತು ಮುಖಾನೂ ನೋಡಿದ್ನಲ್ಲೋ. ನಗಾಡ್ತಿದ್ದ.”

ಟೀಚರ್ ಹತ್ತಬೇಕಾಗಿದ್ದೂ ಅದೇ ಬಸ್ಸು. ಅವರು ಏಳಲಿಲ್ಲ.