ಎಂಜಿನ್ ರೂಮಿನಿಂದ ಬರೆದ ದ್ವೀಪಗಳು

ದೋಣಿಕಟ್ಟೆಯಲ್ಲಿ ಕೂತು ಹರಿದ ಹಾಯಿ ಹೊಲಿಯುತ್ತಿದ್ದ ಹೆಂಗಸಿಗೆ, ಸಾಲಿನಲ್ಲಿ ನಿಂತ ಅಪ್ಪ ಮಗಳ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಹಾಯಿದೋಣಿಯಲ್ಲಿ ಒಂದು ವಾರ ದ್ವೀಪದಿಂದ ದ್ವೀಪಕ್ಕೆ ಆರಾಮಾಗಿ ಸುತ್ತಲು ಹೊರಟವರು ಅವರು.

"ನಾನು ಬರಲ್ಲ ಕಣಮ್ಮ. ನೀನು ಹೋಗಿ ಬಾ."

"ಇಲ್ಲೀತನಕ ಬಂದು ಇದೇನಪ್ಪಾ ಹೊಸ ರಾಗ?"

"ಏಳು ದಿನ ಸುಮ್ನೆ ಕೂತು ಏನು ಮಾಡ್ಲಿ?"

"ಮೂವತ್ತು ವರ್ಷ ಹಡಗಲ್ಲಿದ್ದು ನೋಡಿದ್ದನ್ನ ನನಗೂ ತೋರಿಸಿ. ಹಸಿರು ನೀರು, ಬಿಳೀ ಮರಳು, ತಳದಲ್ಲಿ ಓಡಾಡೋ ಮೀನು... ನಿಮ್ಮ ಕಾಗದಗಳು ನನಗೆ ಬಾಯಿಪಾಠ."

ಅಪ್ಪ ತಲೆ ತಗ್ಗಿಸಿದರು.

"ನಾನಿದ್ದದ್ದು ಎಂಜಿನ್ ರೂಮಲ್ಲಿ. ಅಲ್ಲಿ ಕಿಟಕಿ ಇರಲಿಲ್ಲ. ದ್ವೀಪ ಬಂದಾಗ ನಂಗೆ ಕೆಲಸ, ಇಲ್ಲಾ ನಿದ್ದೆ. ಹಡಗಿನ ಮೇಲ್ಗಡೆ ಕೆಲಸ ಮಾಡೋರು ಊಟಕ್ಕೆ ಬಂದಾಗ ಹೇಳಿದ್ದನ್ನ ಬರೀತಿದ್ದೆ."

"ಎಲ್ಲಾನೂ?"

"ಮೀನು ಮಾತ್ರ ನಂದೇ. ನಿನಗೆ ಇಷ್ಟ ಆಗ್ಲಿ ಅಂತ ಸೇರಿಸಿದ್ದು."

ಹಾಯಿ ಹೊಲಿಯುವವಳ ಸೂಜಿ ನಿಂತಿತು. ಮಗಳು ಅಪ್ಪನ ಕಡೆ ತಿರುಗಿದಳು.

"ಅಮ್ಮಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ರಜಕ್ಕೆ ಬಂದಾಗೆಲ್ಲ ನನ್ನ ಮುಖ ಬಿಳಿಚಿಕೊಂಡಿರ್ತಿತ್ತು. 'ಬಿಸಿಲೇ ಬೀಳದ ಸಮುದ್ರ ಯಾವುದ್ರೀ ಅದು' ಅಂತ ನಗ್ತಿದ್ಲು. ಆದ್ರೂ ಕಾಗದ ಬಂದ್ರೆ ನಿನ್ನ ಕೂರಿಸಿಕೊಂಡು ಓದಿ ಹೇಳ್ತಿದ್ಲು."

ಸಾಲು ಮುಂದೆ ಸರಿಯಿತು. ದೋಣಿ ನಡೆಸುವಾಕೆ ಕೈ ಚಾಚಿ ಕರೆದಳು.

"ಎಲ್ಲಿ ಕೂರೋದು?" ಎಂದರು ಅಪ್ಪ.

"ಮೇಲೆ," ಎಂದ ಮಗಳು ಅವರ ಚೀಲವನ್ನೂ ತನ್ನ ಹೆಗಲಿಗೇರಿಸಿಕೊಂಡಳು. "ಇಬ್ಬರೂ ಮೊದಲನೇ ಸಲ ನೋಡೋಣ. ಬನ್ನಿ."

ಅಪ್ಪ ಅವಳ ತೋಳು ಹಿಡಿದು ಹಲಗೆ ದಾಟಿದರು.