ಗೀಟು ಇಲ್ಲದ ವಿಳಾಸ

…ಅಯ್ಯೋ, ಆ ಕುರ್ಚಿ ಬೇಡ ಅತ್ತಿಗೆ, ಅದು ಕೂತವರನ್ನೆಲ್ಲ ಬೀಳಿಸತ್ತೆ. ಇದರಲ್ಲಿ ಕೂತ್ಕೊಳ್ಳಿ. ಬ್ಯಾಗ್ ಕೊಡಿ, ಮೇಜಿನ ಮೇಲಿಡ್ತೀನಿ... ಬೇಡ್ವಾ? ಸರಿ, ತೊಡೆ ಮೇಲೇ ಇರ್ಲಿ. ಈ ಬಿಸಿಲಲ್ಲಿ ನಡ್ಕೊಂಡೇ ಬಂದ್ರಾ? ಒಂದು ಫೋನ್ ಮಾಡಿದ್ರೆ ಸಂಜೆ ನಾನೇ ಮನೆಗೆ ಬರ್ತಿರ್ಲಿಲ್ವಾ. ತಗೊಳ್ಳಿ, ನೀರು ಕುಡೀರಿ. ಎಲ್ಲಾ ಊಟಕ್ಕೆ ಹೋಗಿದಾರೆ, ಆರಾಮಾಗಿ ಮಾತಾಡಬಹುದು.

ಹಾಂ, ಬಾಗಿಲಲ್ಲಿ ಏನೋ ಅಂದ್ರಲ್ಲ. ಜೆರಾಕ್ಸ್ ಅಂಗಡಿಯವನ ಕಂಪ್ಯೂಟರಲ್ಲಿ ನಮ್ಮ ಸೈಟಿನ ಅಣ್ಣನ ಪುಟ ಬೇರೆ ಥರ ಬಂತು ಅಂತ. ಬೇರೆ ಥರ ಅಂದ್ರೆ... ಬರ್ಲೇ ಇಲ್ಲ ಅಂತ ತಾನೆ? 'ಸಿಗಲಿಲ್ಲ' ಅಂತ ದಪ್ಪ ಅಕ್ಷರದಲ್ಲಿ ಬಂದಿರತ್ತೆ, ನೀವು ನೋಡಿ ಎದೆ ಒಡ್ಕೊಂಡ್ರಿ. ಹಾಗೇ ಆಗಿರೋದು. ಅದು ಅಣ್ಣ ಸಿಗಲಿಲ್ಲ ಅಂತ ಅಲ್ಲ ಅತ್ತಿಗೆ, ಪುಟ ಸಿಗಲಿಲ್ಲ ಅಂತ. ಎಷ್ಟು ಮನೆಯವರು ಹೀಗೇ ಗಾಬರಿಯಾಗಿ ಫೋನ್ ಮಾಡ್ತಾರೆ ಗೊತ್ತಾ? ಕಾಣೆಯಾದವರನ್ನ ಹುಡುಕೋ ಸೈಟಲ್ಲಿ 'ಸಿಗಲಿಲ್ಲ' ಅಂತ ಬರೀಬಾರ್ದು, ಬೇರೆ ಏನಾದ್ರೂ ಹಾಕೋಣ ಅಂತ ನಾನು ಬಡ್ಕೊಂಡೆ. ಯಾರು ಕೇಳ್ತಾರೆ.

ಯಾಕೆ ಹಾಗೆ ನೋಡ್ತೀರಿ? ಮುಖ ಸಪ್ಪಗಿದ್ಯಾ ನಂದು? ನಿದ್ದೆ ಸರಿಯಾಗಿಲ್ಲ, ಅಷ್ಟೇ.

ಇಲ್ಲ ಅಂದ್ರೆ... ಅಂಗಡಿಯವನು ಬೇರೆ ಯಾರದ್ದಾದ್ರೂ ಪುಟ ತೆಗೆದಿರ್ಬೇಕು. ಅವನ ಬುದ್ಧಿ ಗೊತ್ತಲ್ಲ ನಿಮಗೆ, ಎರಡು ಕಾಪಿ ಕೇಳಿದ್ರೆ ಮೂರು ಕೊಡ್ತಾನೆ. ಹೊಸ ಪೋಸ್ಟರ್ ಮಾಡಿಸೋಕೆ ಹೋಗಿದ್ರಾ? ಹಳೇವು ಇನ್ನೂ ಇದ್ವಲ್ಲ. ಮಾಸಿ ಹೋಗಿತ್ತಾ... ಹೂಂ. ಬಿಸಿಲಿಗೆ ಮೊದಲು ಕಣ್ಣೇ ಮಾಸೋದು ಆ ಫೋಟೋದಲ್ಲಿ. ಬಸ್ ಸ್ಟಾಪ್ ಹತ್ರ ಅಂಟಿಸಿದೀವಲ್ಲ, ಅದರಲ್ಲಿ ಈಗ ಅಂಗಿ ಇದೆ, ಮೀಸೆ ಇದೆ, ಕಣ್ಣಿಲ್ಲ. ದಿನಾ ನಾನು ಆ ಸ್ಟಾಪ್ ಬಿಟ್ಟು ಹಿಂದಿನ ಸ್ಟಾಪಲ್ಲಿ ಇಳಿದು ನಡೀತೀನಿ.

ಬನ್ನಿ, ಕುರ್ಚಿ ಈ ಕಡೆ ಎಳ್ಕೊಳ್ಳಿ. ಹೇಗಾಗತ್ತೆ ಅಂತ ತೋರಿಸಿಬಿಡ್ತೀನಿ, ಆಮೇಲೆ ನಿಮ್ಮ ತಲೇಲಿ ಹುಳ ಇರಬಾರ್ದು. ನೋಡಿ, ಇದು ನಾವು ಸೈಟ್ ಕಟ್ಟಿರೋ ಫ್ರೇಮ್‌ವರ್ಕ್. ಅಂದ್ರೆ ಗೋಡೆ, ಸೂರು ಎಲ್ಲ ಯಾರೋ ಕಟ್ಟಿಟ್ಟಿರ್ತಾರೆ, ನಾವು ಒಳಗೆ ಸೇರ್ಕೊಳ್ಳೋದು. ಯಾವ ವಿಳಾಸ ಹಾಕಿದ್ರೆ ಯಾವ ಪುಟ ತೋರಿಸ್ಬೇಕು ಅಂತ ಅದಕ್ಕೇ ಒಂದು ಪದ್ಧತಿ ಇರತ್ತೆ. ಆದ್ರೆ ನಮಗೆ ಅದು ಸಾಲ್ಲಿಲ್ಲ. ಹುಡುಕ್ತಾ ಇರೋರಿಗೆ ಒಂದು ಥರ ಪುಟ, ಸಿಕ್ಕಿದೋರಿಗೆ ಒಂದು ಥರ, ಮತ್ತೆ... ಇನ್ನೊಂದು ಥರ. ಅದಕ್ಕೆ ದಾರಿಗಳನ್ನ ನಾವೇ ಬರೀಬೇಕು. ನನ್ನ ಕೆಲಸ ಅದೇ. ಇಡೀ ದಿನ ದಾರಿ ಬರಿಯೋದು.

ನಗ್ತಿದೀರಾ? ನಗಿ, ಪರವಾಗಿಲ್ಲ. ನಂಗೂ ಅನ್ಸತ್ತೆ. ಲಿಫ್ಟಿಂದ ಬಿದ್ದು ತಲೆಗೆ ಏಟಾದ ಮೇಲೆ ಅಣ್ಣನಿಗೆ ದಾರಿ ಮರೆಯೋ ಕಾಯಿಲೆ, ತಂಗಿಗೆ ದಾರಿ ಬರೆಯೋ ಉದ್ಯೋಗ. ಇಡೀ ಊರಿನ ಲಿಫ್ಟ್ ರಿಪೇರಿ ಮಾಡಿದೋನು, ಯಾವ ಕಟ್ಟಡದಲ್ಲಿ ಎಷ್ಟು ಮಹಡಿ ಅಂತ ಕಣ್ಮುಚ್ಚಿ ಹೇಳ್ತಿದ್ದೋನು, ಕೊನೆಗೆ ನಮ್ಮ ಮೆಟ್ಟಿಲು ಇಳಿದ್ರೆ ಎಡಕ್ಕಾ ಬಲಕ್ಕಾ ಅಂತ ನಿಂತ್ಬಿಡ್ತಿದ್ದ. ಕಾಣೆಯಾದ ದಿನವೂ ಹಾಗೇ ನಿಂತಿರ್ತಾನೆ. ಯಾವ ಕಡೆ ತಿರುಗಿದ್ನೋ.

ಸರಿ, ಇಲ್ಲಿ ನೋಡಿ. ಇವೆಲ್ಲ ನಿಯಮಗಳು, ಸಾಲಾಗಿ. ಯಾರಾದ್ರೂ ಒಂದು ವಿಳಾಸ ಬರೆದ್ರೆ ಇದು ಮೇಲಿಂದ ಕೆಳಗೆ ಓದ್ಕೊಂಡು ಬರತ್ತೆ. ಯಾವುದು ಮೊದಲು ಹೊಂದತ್ತೋ ಅಲ್ಲೇ ನಿಂತ್ಬಿಡತ್ತೆ. ಕೆಳಗೆ ಅದಕ್ಕಿಂತ ಸರಿಯಾದ್ದು ಇರಬಹುದು, ಅದಕ್ಕೆ ಬೇಕಾಗಿಲ್ಲ. ಸಿಕ್ಕ ಬಾಗಿಲಿಗೆ ನುಗ್ಗೋದು. ಹಾಗಾಗಿ ಒಬ್ಬರಿಗೆ ಮಾತ್ರ ಅನ್ವಯಿಸೋದನ್ನ ಮೇಲೆ ಬರೀಬೇಕು, ಎಲ್ಲರಿಗೂ ಅನ್ವಯಿಸೋದನ್ನ ಕೆಳಗೆ. ಎಲ್ಲಕ್ಕಿಂತ ಕೆಳಗಿದೆಯಲ್ಲ, ಯಾವುದಕ್ಕೂ ಹೊಂದದ್ದೆಲ್ಲ ಬಂದು ಬೀಳೋದು ಅಲ್ಲಿಗೆ. 'ಸಿಗಲಿಲ್ಲ.' ನಿಮಗೆ ಬಂದಿದ್ದು ಅದೇ.

ಅಲ್ವಾ?

ತಲೆ ಆಡಿಸ್ತಾ ಇಲ್ವಲ್ಲ ನೀವು. ಗಣಿತದ ಕ್ಲಾಸಲ್ಲಿ ಕೂತ ಹಾಗೆ ಕೂತಿದೀರಿ.

ಏನು? ಯಾವುದು, ಮೊದಲನೇ ಸಾಲಾ? ಹೆಸರು ಓದಿಬಿಟ್ರಾ... ಹೌದು, ಲಿಫ್ಟಣ್ಣ ಅಂತಲೇ ಇದೆ. ರಸ್ತೆಯವರೆಲ್ಲ ಹಾಗೇ ಕರೀತಿದ್ರಲ್ಲ, ಗುರುತಿಸೋಕೆ ಸುಲಭ ಅಂತ ಪುಟಕ್ಕೂ ಅದೇ ಹೆಸರು. ಅವನೊಬ್ಬನಿಗೆ ಬೇರೆ ನಿಯಮ ಯಾಕೆ ಅಂದ್ರೆ... ಅದೇನಿಲ್ಲ. ಮನೆಯವರು ಅಂತ ಒಂಚೂರು ಸ್ವಾರ್ಥ. ಬೇಗ ತೆರೀಲಿ ಅಂತ. ದಿನಾ ಬೆಳಗ್ಗೆ ಎದ್ದ ತಕ್ಷಣ ನೀವು ತೆಗೀತೀರಲ್ಲ, ಕಾಯಬಾರ್ದು ಅಂತ. ನಮ್ಮ ಮೇಲಿನವರಿಗೆ ಹೇಳ್ಬೇಡಿ ಮತ್ತೆ. 'ಪೂರ್ಣವಿರಾಮ' ಅಂತ ಹೆಸರಿಟ್ಟಿದೀವಿ ಅವರಿಗೆ, ಒಂದು ಚುಕ್ಕೆ ಆಚೀಚೆ ಆದ್ರೂ ಕರೆದು ಪಾಠ ಮಾಡ್ತಾರೆ. ಈ ಸಾಲು ಅವರ ಕಣ್ಣಿಗೆ ಬಿದ್ದಿಲ್ಲ. ಒಂದು ರಜಾದಿನ ಬಂದು ಸೇರಿಸಿದ್ದು.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ಲು ಅನ್ಬೇಡಿ. ನೀವು ಕೇಳಿದ್ರಿ, ಹೇಳಿದೆ.

ಆ ಪುಟ ಸುಮ್ನೆ ಇಟ್ಟಿಲ್ಲ ಅತ್ತಿಗೆ. ಅದನ್ನ ನೋಡಿ ಈಗಲೂ ಜನ ಫೋನ್ ಮಾಡ್ತಾರೆ. ಮೊನ್ನೆ ಒಬ್ಬ ಹೆಂಗಸು ಮಾಡಿದ್ರಲ್ಲ, ನಿಮಗೆ ಹೇಳಿರಲಿಲ್ಲ, ಸುಮ್ನೆ ಆಸೆ ಹುಟ್ಟಿಸೋದು ಯಾಕೆ ಅಂತ. ರೈಲ್ವೆ ಸ್ಟೇಷನ್ ಎದುರು ಬೆಂಚಲ್ಲಿ ಒಬ್ಬರು ಕೂತಿದಾರೆ, ನೀಲಿ ಅಂಗಿ, ಕತ್ತೆತ್ತಿ ಎದುರಿನ ಕಟ್ಟಡದ ಮಹಡಿ ಎಣಿಸ್ತಿದಾರೆ ಅಂತ. ಮಹಡಿ ಎಣಿಸ್ತಿದಾರೆ ಅಂದ ತಕ್ಷಣ ಎದ್ದು ನಿಂತೆ. ಆ ವಿಷಯ ಪುಟದಲ್ಲಿ ನಾವು ಬರೆದೇ ಇಲ್ಲ. ಇದ್ದ ಕೆಲಸ ಬಿಟ್ಟು ಓಡಿದೆ. ಕೂತಿದ್ರು. ನಿಜವಾಗ್ಲೂ ಕೂತಿದ್ರು, ಬೆನ್ನು ಕಾಣ್ತಿತ್ತು. ಅದೇ ಬಾಗಿದ ಭುಜ, ಅದೇ ಕಿವಿ. ಬೆರಳು ಒಂದೊಂದೇ ಮೇಲಕ್ಕೆ ಹೋಗ್ತಿತ್ತು. ಒಂದು, ಎರಡು... ನಾನು ಹಿಂದೆ ನಿಂತಿದ್ದೆ. ಅವರು ಎದ್ದು ಹೋಗೋವರೆಗೂ ನಿಂತಿದ್ದೆ. ಆಮೇಲೆ ವಾಪಸ್ ಬಂದೆ. ಅಣ್ಣ ಅಲ್ಲ ಅದು.

ಏನಂದ್ರಿ?

ಮುಖ... ಇಲ್ಲ, ಮುಖ ನೋಡ್ಲಿಲ್ಲ. ಮುಂದೆ ಹೋಗ್ಲಿಲ್ಲ ನಾನು. ಹೇಗೆ ಗೊತ್ತಾಯ್ತು ಅಂದ್ರೆ... ಗೊತ್ತಾಗತ್ತೆ ಅತ್ತಿಗೆ. ಒಡಹುಟ್ಟಿದವಳಿಗೆ ಗೊತ್ತಾಗಲ್ವಾ? ನೋಡಿ, ಮುಂದೆ ಹೋಗಿ ಮುಖ ನೋಡಿಬಿಟ್ರೆ ಅದು ಬೇರೆ ಯಾರೋ ಆಗಿಬಿಡ್ತಾರೆ. ಹಿಂದೆ ನಿಂತಿರೋವರೆಗೂ ಅವನೇ. ಅಷ್ಟು ಹೊತ್ತು ಅವನ ಜೊತೆ ಇದ್ದ ಹಾಗಾಯ್ತು ನಂಗೆ. ಹುಚ್ಚು ಅನ್ನಿ. ಈಗ ಆ ಕಡೆ ಹೋದಾಗಲೆಲ್ಲ ಬೆಂಚ್ ನೋಡ್ತೀನಿ. ಖಾಲಿ ಇದ್ರೂ ಭಯ, ಯಾರಾದ್ರೂ ಕೂತಿದ್ರೂ ಭಯ.

ಬಿಡಿ ಅದನ್ನ. ಎಲ್ಲಿದ್ದೆ... ಹಾಂ, ಅಂಗಡಿಯವನು. ನಿಮ್ಮ ಫೋನಲ್ಲಿ ಯಾವತ್ತೂ ತಪ್ಪಾಗಿಲ್ಲ, ಯಾಕಂದ್ರೆ ನೀವು ನಾನು ಕಳಿಸಿದ ಲಿಂಕ್ ಒತ್ತೋದು. ಅವನು ತಾನೇ ಕೈಯಲ್ಲಿ ಬರೆದ, ಪೋಸ್ಟರ್ ನೋಡ್ಕೊಂಡು. ಅಕ್ಷರ ತಪ್ಪು ಮಾಡಿರ್ತಾನೆ. ಲಿಫ್ಟಣ್ಣ ಅನ್ನೋದನ್ನ ಇಂಗ್ಲಿಷಲ್ಲಿ ಅವನ ಕೈಲಿ ಬರೆಸಿದ್ರೆ ಇನ್ನೇನಾಗತ್ತೆ... ಇಲ್ವಾ? ನೀವೇ ಒಂದೊಂದೇ ಅಕ್ಷರ ಹೇಳಿದ್ರಾ? ಎಲ್ಲಾ ಸರಿಯಿತ್ತಾ? ಹಾಗಾದ್ರೆ ಬರಬೇಕಲ್ಲ. ತಾಳಿ. ಹೇಗೆ ಹೇಳಿದ್ರಿ? ಸೈಟಿನ ಹೆಸರು, ಆಮೇಲೆ ಹುಡುಕಾಟ, ಆಮೇಲೆ ಓರೆ ಗೀಟು, ಆಮೇಲೆ ಲಿಫ್ಟಣ್ಣ. ಆಮೇಲೆ ಕೊನೇಲಿ ಇನ್ನೊಂದು ಗೀಟು. ಹಾಕಿದ್ನಲ್ಲ ಅವನು ಕೊನೇದು?

ಕೊನೇಲಿ ಗೀಟು ಹಾಕಿದ್ನಾ ಅತ್ತಿಗೆ?

ಪೋಸ್ಟರಲ್ಲಿ ಕೊನೇ ಗೀಟು ಇಲ್ವೇ ಇಲ್ಲ. ಅಲ್ಲಿ ಜಾಗ ಸಾಲಲಿಲ್ಲ ಅಂತ... ಒಂದು ಗೀಟು ತಾನೆ, ಏನು ಮಹಾ ಅಂತ ನಾನೇ ತೆಗೆಸಿದೆ. ನಿಮಗೆ ಕಳಿಸಿದ ಲಿಂಕಲ್ಲಿ ಇತ್ತು. ಅದನ್ನ ನೋಡ್ಕೊಂಡೇ ಈ ಮೊದಲನೇ ಸಾಲು ಬರೆದಿದ್ದು, ಗೀಟು ಸಮೇತ. ಮನುಷ್ಯರ ಕಣ್ಣಿಗೆ ಎರಡೂ ಒಂದೇ. ಇದಕ್ಕೆ ಒಂದೇ ಅಲ್ಲ. ಗೀಟು ಇದ್ರೆ ಮೊದಲನೇ ಸಾಲಿಗೆ ಹೊಂದತ್ತೆ. ಇಲ್ದಿದ್ರೆ ಹೊಂದಲ್ಲ, ಕೆಳಗೆ ಇಳಿಯತ್ತೆ. ಕೆಳಗೆ ಇಳಿದ್ರೆ ಎಲ್ಲರಿಗೂ ಬರೆದ ನಿಯಮ. ಅದು ಯಾರ ಮುಲಾಜೂ ನೋಡಲ್ಲ, ಅವರ ಹೆಸರಿನ ಎದುರು ದಾಖಲೆಯಲ್ಲಿ ಏನಿದೆಯೋ ಆ ಪುಟಕ್ಕೇ...

ಅಂದ್ರೆ ನಿಮಗೆ 'ಸಿಗಲಿಲ್ಲ' ಅಂತ ಬಂದಿಲ್ಲ.

ಎಷ್ಟು ಹೊತ್ತಿಂದ ನಾನು ಒಬ್ಬಳೇ ಮಾತಾಡ್ತಿದೀನಿ. ನಿಲ್ಲಿಸ್ಬಾರ್ದಿತ್ತಾ ನನ್ನ? ಇಷ್ಟು ಸುಳ್ಳು ಹೇಳೋಕೆ ಯಾಕೆ ಬಿಟ್ರಿ?

ನೀವು ಆಪರೇಷನ್ ಆಗಿ ಮಲಗಿದ್ರಿ ಅತ್ತಿಗೆ. ಹೊಲಿಗೆ ಬಿಚ್ಚಿರಲಿಲ್ಲ. ಅಣ್ಣನ ಅಂಗಿ ಕಾಲರಿನ ಒಳಗೆ ನೀವೇ ಬಟ್ಟೆ ತುಂಡು ಇಟ್ಟು ಹೊಲಿದಿದ್ರಲ್ಲ, ದಾರಿ ತಪ್ಪಿದ್ರೆ ಯಾರಾದ್ರೂ ಫೋನ್ ಮಾಡ್ಲಿ ಅಂತ, ನಿಮಗೆ ಕೆಲಸದ ಹೊತ್ತಲ್ಲಿ ಫೋನ್ ಎತ್ತೋಕಾಗಲ್ಲ ಅಂತ ನನ್ನ ನಂಬರು ಬರೆದು. ಅದನ್ನ ನೋಡಿ ಪೊಲೀಸರು ನಂಗೆ ಫೋನ್ ಮಾಡಿದ್ರು. ನಾನೇ ಹೋದೆ. ಕಾಲುವೆ ಪಕ್ಕ... ಬೇಡ. ಮುಖ ನೋಡಿದೆ. ಅವನೇ. ಎಲ್ಲಾ ನಾನೇ ಮುಗಿಸ್ಕೊಂಡು ಕೈಕಾಲು ತೊಳ್ಕೊಂಡು ಆಸ್ಪತ್ರೆಗೆ ಬಂದ್ರೆ, ನೀವು ಹಾಸಿಗೇಲಿ ಫೋನ್ ಎದೆ ಮೇಲಿಟ್ಕೊಂಡು, 'ಇವತ್ತು ಪುಟದಲ್ಲಿ ಅವರ ಮುಖ ಗೆಲುವಾಗಿ ಕಾಣ್ತಿದೆ' ಅಂದ್ರಿ. ಅವತ್ತೇ ಮೊದಲ ಸಲ ಗಂಜಿ ಕುಡಿದಿದ್ರಿ. ಡಾಕ್ಟರೂ ಈಗ ಹೇಳ್ಬೇಡಿ ಅಂದ್ರು. ನಾಳೆ ಹೇಳೋಣ ಅಂದ್ಕೊಂಡೆ. ದಾಖಲೆಯಲ್ಲಿ ಬದಲಾದ ದಿನ ನಿಮ್ಮ ಫೋನಲ್ಲೂ ಬದಲಾಗಿಬಿಡತ್ತಲ್ಲ, ಅದಕ್ಕೇ ಆ ಸಾಲು ಬರೆದೆ, ದಾಖಲೆ ಏನೇ ಹೇಳ್ಲಿ ನಿಮಗೆ ಹಳೇ ಹುಡುಕಾಟದ ಪುಟವೇ ಬರ್ಲಿ ಅಂತ. ಒಂದು ವಾರಕ್ಕೆ ಅಂತ ಬರೆದಿದ್ದು. ಆಮೇಲೆ ನನಗೇ ಅದು ಬೇಕಾಯ್ತು. ಸತ್ತಿದಾನೆ ಅಂತ ಗೊತ್ತಿದ್ದೋಳು ಆ ಸ್ಟೇಷನ್ನಿಗೆ ಓಡಿದ್ದು ಯಾಕೆ, ನೀವೇ ಹೇಳಿ.

ಬೈದುಬಿಡಿ ಒಂದ್ಸಲ. ಕೆನ್ನೆಗೆ ಬೇಕಾದ್ರೂ ಹೊಡೀರಿ.

ನಂಗೆ ಬಾಗಿಲಲ್ಲೇ ಹೊಳೀಬೇಕಿತ್ತು. ಯಾವಾಗ ಕಂಡ್ರೂ, ಫೋನ್ ಎತ್ತಿದ್ರೂ, ನಿಮ್ಮ ಮೊದಲನೇ ಮಾತು ಒಂದೇ. 'ಏನಾದ್ರೂ ಸುದ್ದಿ ಇದ್ಯಾ?' ಇವತ್ತು ಬಂದಾಗಿಂದ ಒಂದ್ಸಲನೂ ಅದನ್ನ ಕೇಳಿಲ್ಲ ನೀವು.

ನೀವು ಕೇಳಿದಾಗಲೆಲ್ಲ ನಾನು ಏನಂತಿದ್ದೆ ನೆನಪಿದ್ಯಾ? 'ಇಲ್ಲ' ಅಂತಿದ್ದೆ. ಅದೊಂದೇ ಮಾತು. ನಿಮ್ಮ ಹತ್ರ ಸುಳ್ಳು ಹೇಳೋಕೆ ಬಾಯಿ ಬರ್ತಿರ್ಲಿಲ್ಲ, ಈ ಮಾತಾದ್ರೆ ಸುಳ್ಳಾಗಲ್ಲ ಅಂತ ಸಮಾಧಾನ ಮಾಡ್ಕೊಂಡಿದ್ದೆ.

ಇಲ್ಲ ಅತ್ತಿಗೆ. ಅಣ್ಣ ಇಲ್ಲ.